ಚಿತ್ರದ ಸತ್ಯಾಸತ್ಯ

ಮೊಳಕಾಲ್ಮೂರು ರೇಷ್ಮೆ ಸೀರೆಗಳಿಗೆ ಹೆಸರಾದ ಊರು. ಸೀರೆಯ ಗುಣವನ್ನು ಬಲ್ಲವರು ಅಂಚಿನ ಬಣ್ಣಕ್ಕಾಗಲಿ ಸೆರಗಿನ ಹೊಳಪಿಗಾಗಲಿ ಮರುಳಾಗಿ ಕೂಡಲೇ ಹಣವನ್ನು ಎಣಿಸುವುದಿಲ್ಲ. ಮಡಿಕೆಯನ್ನು ಬಿಚ್ಚಿ, ಹಿಂಬದಿಯನ್ನು ಹೊರಳಿಸಿ ನೋಡುತ್ತಾರೆ. ಅಂಚು ಒಡಲನ್ನು ಕೂಡುವ ಎಡೆಯಲ್ಲಿ ಎಳೆಗಳು ಹೇಗೆ ಹೆಣೆದುಕೊಂಡಿವೆ ಎಂಬುದನ್ನು ಬೆರಳಿನಿಂದ ಮುಟ್ಟಿ ಪರೀಕ್ಷಿಸುತ್ತಾರೆ. ಮುಂಬದಿಯು ಕಣ್ಣನ್ನು ಸೆಳೆಯುತ್ತದೆ. ನೇಯ್ಗೆಯ ನಿಜವನ್ನು ಹಿಂಬದಿಯು ಹೇಳುತ್ತದೆ. ನಮ್ಮ ಕಾಲದಲ್ಲಿ ಕೈಯಿಂದ ಕೈಗೆ ಅತಿ ವೇಗವಾಗಿ ಸಾಗುವ ವಸ್ತುಗಳಲ್ಲಿ ಛಾಯಾಚಿತ್ರವೂ ಒಂದು. ಅದನ್ನು ಹೊರಳಿಸಿ ನೋಡುವ ಬಗೆ ಯಾವುದು? ಇದನ್ನು ಒಂದು ವಿಶೇಷ ಜಾತಿಯ ಚಿತ್ರದ ಮೂಲಕ ವಿಚಾರಮಾಡೋಣ.

ಗಣಕಯಂತ್ರವು ಕೆಟ್ಟು ನಿಂತಾಗ ತೆಗೆದ ವಿನೋದದ ಚಿತ್ರಗಳನ್ನು ನೀವು ನೋಡಿರಬಹುದು. ರೈಲುಗಳ ವೇಳೆಯನ್ನು ತೋರಿಸಬೇಕಾದ ಫಲಕದಲ್ಲಿ, ಹಣ ಕೊಡಬೇಕಾದ ಎ.ಟಿ.ಎಂ. ಯಂತ್ರದಲ್ಲಿ, ಭಾರಿ ಜಾಹೀರಾತಿನ ಪರದೆಯಲ್ಲಿ ಇದ್ದಕ್ಕಿದ್ದಂತೆ ನೀಲಿಯ ಹಿನ್ನೆಲೆಯೂ ದೋಷದ ಸೂಚನೆಯೂ ಕಾಣಿಸಿಕೊಂಡಿರುತ್ತವೆ. ಇಂತಹ ಫಲಕಗಳ ಹಿಂದೆ ಅನೇಕ ವೇಳೆ ಸಾಮಾನ್ಯ ಗಣಕಯಂತ್ರವೇ ಕೆಲಸಮಾಡುತ್ತಿರುತ್ತದೆ. ಅದರ ಮೂಲ ತಂತ್ರಾಂಶಕ್ಕೆ ಸರಿಪಡಿಸಲಾಗದ ದೋಷವೊಂದು ಎದುರಾದರೆ, ಇನ್ನಷ್ಟು ಹಾನಿಯಾಗದಿರಲೆಂದು ಅದು ಎಲ್ಲ ಕಾರ್ಯಗಳನ್ನೂ ನಿಲ್ಲಿಸಿ ಆ ಸೂಚನೆಯನ್ನು ತೋರಿಸುತ್ತದೆ. ಗಂಭೀರವಾದ ಯಂತ್ರ ಮುಗ್ಗರಿಸಿದುದನ್ನು ಕಂಡು ನಮಗೆ ನಗು ಬರುತ್ತದೆ. ನಗುವಿನ ಭರದಲ್ಲಿ ನಾವು ಅದನ್ನು ಪರೀಕ್ಷಿಸದೆಯೇ ಇನ್ನೊಬ್ಬರಿಗೆ ಕಳುಹಿಸಿಬಿಡುತ್ತೇವೆ.

2024ನೆಯ ಇಸವಿ ಜುಲೈ 19ರಂದು ಇಂತಹ ಚಿತ್ರಗಳು ಲೋಕವನ್ನೇ ತುಂಬಿದುವು. ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯು ತನ್ನ ರಕ್ಷಣಾ ತಂತ್ರಾಂಶಕ್ಕೆ ಕಳುಹಿಸಿದ ದೋಷಯುಕ್ತ ಕಡತವೊಂದರಿಂದ ವಿಂಡೋಸ್ ತಂತ್ರಾಂಶವುಳ್ಳ ಸುಮಾರು 85 ಲಕ್ಷ ಗಣಕಯಂತ್ರಗಳು ಕೆಟ್ಟು ನಿಂತುವೆಂದು ಮೈಕ್ರೋಸಾಫ್ಟ್ ಸಂಸ್ಥೆ ಅಂದಾಜುಮಾಡಿತು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣವೂ ಸೇರಿದಂತೆ ದೇಶದ ಹಲವು ನಿಲ್ದಾಣಗಳಲ್ಲಿ ಪ್ರಯಾಣಿಕರು ಉದ್ದನೆಯ ಸಾಲುಗಳಲ್ಲಿ ಕಾದರು. ಕೆಲವೆಡೆ ವಿಮಾನವೇರುವ ಚೀಟಿಯನ್ನು ಸಿಬ್ಬಂದಿಯು ಕೈಯಿಂದಲೇ ಬರೆದುಕೊಟ್ಟರು. ಆ ಕೈಬರಹದ ಚೀಟಿಯ ಚಿತ್ರವನ್ನು ಕಂಡು ‘ಇದು ಹಾಸ್ಯಕ್ಕಾಗಿ ಮಾಡಿದ್ದು’ ಎಂದುಕೊಂಡವರಿದ್ದರೆ ಆಶ್ಚರ್ಯವಿಲ್ಲ. ಆದರೆ ಆ ಸಂಗತಿ ನಿಜವಾಗಿತ್ತು. ಅದೇ ಸಮಯದಲ್ಲಿ ಅಮೆರಿಕದ ಲಾಸ್ ವೇಗಸ್ ನಗರದಲ್ಲಿರುವ ಸುಮಾರು 112 ಮೀಟರು ಎತ್ತರದ ‘ಸ್ಫಿಯರ್’ ಎಂಬ ಗೋಳಾಕಾರದ ಕಟ್ಟಡದ ಮೈಯೆಲ್ಲ ನೀಲಿ ಪರದೆಯಾದಂತೆ ತೋರಿಸುವ ಚಿತ್ರವೊಂದು ಹರಡಿತು. ಸುದ್ದಿಗೆ ಹೊಂದುವಂತಿದ್ದುದರಿಂದ ಬಹು ಜನರು ಅದನ್ನು ನಂಬಿದರು. ಅದು ಕೃತಕವಾದುದೆಂದು ಬಳಿಕ ತಿಳಿದುಬಂದಿತು. ನಂಬಲಾಗದ್ದು ನಿಜವಾಯಿತು, ನಂಬುವಂತಹದು ಸುಳ್ಳಾಯಿತು. ಹೀಗಿರುವಾಗ ‘ನನಗೆ ನಿಜವೆನ್ನಿಸುತ್ತದೆ’ ಎಂಬ ಮಾತು ಪರೀಕ್ಷೆಯಾಗಲಾರದು.

ಪರೀಕ್ಷೆಯ ದಾರಿಯನ್ನು ನಮ್ಮ ನಾಡಿನ ಶಾಸನ ವಿದ್ವಾಂಸರು ಹಿಂದೆಯೇ ತೋರಿಸಿಕೊಟ್ಟಿದ್ದಾರೆ. ಭೂಮಿಯ ಹಕ್ಕನ್ನು ಸಾಧಿಸಲೆಂದು ಹಿಂದಿನವರಲ್ಲಿ ಕೆಲವರು ಕೂಟ ತಾಮ್ರಪಟಗಳನ್ನು ಸೃಷ್ಟಿಸಿದುದುಂಟು. ಗಂಗ ಅರಸರ ಹೆಸರಿನಲ್ಲಿ ದೊರೆತ ಹಲವು ತಾಮ್ರಪಟಗಳ ವಿಷಯದಲ್ಲಿ ಫ್ಲೀಟ್ ಮತ್ತು ರೈಸ್ ಎಂಬ ವಿದ್ವಾಂಸರ ನಡುವೆ ದೀರ್ಘವಾದ ವಾದವೇ ನಡೆಯಿತು. ಪಟದಲ್ಲಿ ಹೇಳಿರುವ ಕಾಲಕ್ಕೆ ಅದರ ಅಕ್ಷರಗಳ ರೂಪ ಒಪ್ಪುವುದೇ? ತಿಥಿಗೂ ವಾರಕ್ಕೂ ಹೊಂದಿಕೆಯುಂಟೇ? ಬೇರೆ ಶಾಸನಗಳ ಸಾಕ್ಷ್ಯ ಏನು? ಇವೇ ವಿದ್ವಾಂಸರು ಕೇಳುವ ಪ್ರಶ್ನೆಗಳು. ಚಿತ್ರಕ್ಕೂ ಈ ಪ್ರಶ್ನೆಗಳು ಸಲ್ಲುತ್ತವೆ.

ಮೊದಲನೆಯದಾಗಿ, ಅಕ್ಷರಗಳ ಕಾಲ. ವಿಂಡೋಸ್ ತಂತ್ರಾಂಶದ ದೋಷಸೂಚನೆಗೆ ತನ್ನದೇ ಆದ ಚರಿತ್ರೆಯಿದೆ. ಹಳೆಯ ಆವೃತ್ತಿಗಳಲ್ಲಿ ನೀಲಿಯ ಮೇಲೆ ಬಿಳಿಯ ಅಕ್ಷರಗಳ ಸಾಲುಗಳು ಮಾತ್ರ ಇದ್ದುವು. ದುಃಖದ ಮುಖದ ಚಿಹ್ನೆಯು 2012ರಲ್ಲಿ ಹೊರಬಂದ ವಿಂಡೋಸ್ 8ರಿಂದ ಕಾಣಿಸಿಕೊಂಡಿತು. ಚೌಕಾಕಾರದ ಕ್ಯೂಆರ್ ಸಂಕೇತವು 2016ರಲ್ಲಿ ಸೇರಿತು. 2025ರಲ್ಲಿ ವಿಂಡೋಸ್ 11ರಲ್ಲಿ ನೀಲಿ ಬಣ್ಣವನ್ನೇ ಬಿಟ್ಟು ಕಪ್ಪು ಪರದೆಯನ್ನು ತರಲಾಯಿತು. ಆದುದರಿಂದ ‘2000ನೆಯ ಇಸವಿಯ ಘಟನೆ’ ಎಂಬ ಒಕ್ಕಣೆಯುಳ್ಳ ಚಿತ್ರದಲ್ಲಿ ದುಃಖದ ಮುಖವಿದ್ದರೆ, ಐದನೆಯ ಶತಮಾನದ ತಾಮ್ರಪಟದಲ್ಲಿ ಹತ್ತನೆಯ ಶತಮಾನದ ಅಕ್ಷರಗಳು ಕಂಡಂತೆಯೇ ಸರಿ.

ಎರಡನೆಯದಾಗಿ, ಬೆಳಕಿನ ನಿಯಮ. ಉರಿಯುವ ಪರದೆಯು ತಾನೇ ಬೆಳಕಿನ ಮೂಲ. ಕತ್ತಲೆಯಲ್ಲಿ ಅದರ ನೀಲಿಯು ಎದುರಿನ ನೆಲದ ಮೇಲೂ ಹತ್ತಿರ ನಿಂತವರ ಮುಖದ ಮೇಲೂ ಬೀಳಬೇಕು. ಪರದೆಯನ್ನು ಓರೆಯಿಂದ ನೋಡಿದಾಗ ಅದರ ಅಂಚುಗಳಂತೆ ಒಳಗಿನ ಅಕ್ಷರಗಳ ಸಾಲುಗಳೂ ದೂರಕ್ಕೆ ಕಿರಿದಾಗುತ್ತ ಹೋಗಬೇಕು. ದೊಡ್ಡ ಫಲಕವು ಸಣ್ಣ ಸಣ್ಣ ತುಂಡುಗಳ ಜೋಡಣೆಯಾದುದರಿಂದ ಆ ಬೆಸುಗೆಯ ಗೆರೆಗಳು ಕೆಲವು ವೇಳೆ ಕಾಣುತ್ತವೆ. ಚಿತ್ರದ ಉಳಿದ ಭಾಗವೆಲ್ಲ ಮಸುಕಾಗಿದ್ದು ಪರದೆಯೊಂದೇ ಅತಿ ಸ್ಪಷ್ಟವಾಗಿದ್ದರೆ, ಅದನ್ನು ಬಳಿಕ ಅಂಟಿಸಿರಬಹುದೆಂದು ಶಂಕಿಸಬೇಕು. ಇಂದು ಕೃತಕ ಬುದ್ಧಿಮತ್ತೆಯ ಯಂತ್ರಗಳು ಇಂತಹ ತಪ್ಪುಗಳನ್ನು ಬರಬರುತ್ತಾ ಕಡಿಮೆಮಾಡುತ್ತಿವೆ. ಆದುದರಿಂದ ಚಿತ್ರದಲ್ಲಿ ತಪ್ಪು ಕಾಣದಿರುವುದೇ ಅದರ ಸತ್ಯಕ್ಕೆ ಪ್ರಮಾಣವಲ್ಲ.

ಮೂರನೆಯದು, ಬೇರೆ ಸಾಕ್ಷಿಗಳು. ಮಹಾನಗರದ ನಡುವಿನ ಬೃಹತ್ ಗೋಳವು ನೀಲಿಯಾದರೆ ಅದನ್ನು ನೋಡುವವರು ಸಾವಿರಾರು ಮಂದಿ. ನಾನಾ ದಿಕ್ಕುಗಳಿಂದ ತೆಗೆದ ಬೇರೆ ಬೇರೆ ಚಿತ್ರಗಳು ಬರಬೇಕು. ಎಲ್ಲರ ಕೈಯಲ್ಲೂ ಒಂದೇ ಚಿತ್ರ ಸುತ್ತುತ್ತಿದ್ದರೆ ಸಾಕ್ಷಿ ಒಬ್ಬನೇ ಎಂದರ್ಥ. ವೇಳೆಯನ್ನೂ ತಾಳೆ ನೋಡಬೇಕು. ಮೇಲೆ ಹೇಳಿದ ದೋಷಯುಕ್ತ ಕಡತವು ಹೊರಟುದು ಭಾರತದ ಕಾಲಮಾನದಂತೆ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ. ಅದೇ ದಿನದ ಸೂರ್ಯೋದಯಕ್ಕೆ ಮೊದಲು ಬೆಂಗಳೂರಿನಲ್ಲಿ ತೆಗೆದುದೆಂದು ಹೇಳುವ ನೀಲಿ ಪರದೆಯ ಚಿತ್ರಕ್ಕೆ ಆ ಕಡತವು ಕಾರಣವಾಗಿರಲಾರದು.

ನಾಲ್ಕನೆಯ ಪ್ರಶ್ನೆ ಚಿತ್ರದ ಕೆಳಗಿನ ಮಾತಿಗೆ ಸಂಬಂಧಿಸಿದುದು. ಚಿತ್ರ ನಿಜವಾಗಿದ್ದು ಒಕ್ಕಣೆ ಸುಳ್ಳಾಗಿರಬಹುದು. ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋ ಸಂಸ್ಥೆಯು ಚಂದ್ರನ ಮೇಲಿನ ಕುಳಿಗಳನ್ನು ಹೋಲುವ ಕೃತಕ ಕುಳಿಗಳನ್ನು ನಿರ್ಮಿಸಿ, ಚಂದ್ರಯಾನ-2ರ ಉಪಕರಣಗಳನ್ನು ಪರೀಕ್ಷಿಸಿತು. ಆ ಕುಳಿಗಳ ಚಿತ್ರಕ್ಕೆ ‘ಚಂದ್ರನ ನೆಲ’ ಎಂದು ಹೆಸರಿಟ್ಟರೆ ಚಿತ್ರದ ಒಂದು ಚುಕ್ಕೆಯನ್ನೂ ತಿದ್ದದೆ ಸುಳ್ಳು ಸಿದ್ಧವಾಗುತ್ತದೆ! 2019ರ ಜುಲೈನಲ್ಲಿ ಚಂದ್ರಯಾನ-2 ಹಾರಿದ ಬಳಿಕ, ಅದು ತೆಗೆದ ಭೂಮಿಯ ಚಿತ್ರಗಳೆಂದು ಎಲ್ಲಿಂದಲೋ ತಂದ ಚಿತ್ರಗಳನ್ನು ಹರಡಿದುದುಂಟು. ಇಸ್ರೋ ನಿಜವಾದ ಚಿತ್ರಗಳನ್ನು ಪ್ರಕಟಿಸಿದುದು ಆಗಸ್ಟ್ 4ರಂದು. ಚಿತ್ರದ ಮೂಲವನ್ನು, ಅಂದರೆ ಅದನ್ನು ಮೊದಲು ಪ್ರಕಟಿಸಿದವರು ಯಾರು, ಎಂದು ಎಂಬುದನ್ನು ಹುಡುಕಿದವರು ಮಾತ್ರ ಮೋಸಹೋಗಲಿಲ್ಲ.

ಇಷ್ಟೆಲ್ಲ ತಿಳಿದ ಮೇಲೆ ಮತ್ತೊಂದು ಅಪಾಯವುಂಟು. ಅದು ಎಲ್ಲವನ್ನೂ ಸುಳ್ಳೆಂದು ತಳ್ಳಿಹಾಕುವ ಚಪಲ. ಇದಕ್ಕೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯೇ ಉತ್ತರ ಹೇಳುತ್ತದೆ. ಅಲ್ಲಿಯ ಅಶೋಕನ ಶಾಸನವನ್ನು 1892ರಲ್ಲಿ ರೈಸ್ ಅವರು ಬೆಳಕಿಗೆ ತಂದರು. ಶಾಸನವು ಬ್ರಾಹ್ಮೀ ಲಿಪಿಯಲ್ಲಿದೆ. ಆದರೆ ಕೊನೆಯಲ್ಲಿ, ಚಪಡನೆಂಬ ಬರಹಗಾರನ ಹೆಸರಿನೊಡನೆ ಬರುವ ‘ಲಿಪಿಕಾರನಿಂದ’ ಎಂಬರ್ಥದ ಪದವೊಂದು ಮಾತ್ರ ಖರೋಷ್ಠಿಯಲ್ಲಿದೆ. ಖರೋಷ್ಠಿಯು ಬಲದಿಂದ ಎಡಕ್ಕೆ ಬರೆಯುವ, ದೂರದ ವಾಯವ್ಯ ದೇಶದ ಲಿಪಿ. ಕನ್ನಡ ನಾಡಿನ ಬಂಡೆಯ ಮೇಲೆ ಅದಕ್ಕೇನು ಕೆಲಸ? ಅವಸರದವನು ಇದು ಕೂಟವೆಂದು ಹೇಳಿಬಿಡಬಹುದು. ವಿದ್ವಾಂಸರು ಹಾಗೆ ಮಾಡದೆ ಕಾರಣವನ್ನು ಅರಸಿದರು. ಆ ಬರಹಗಾರನು ವಾಯವ್ಯದ ಲಿಪಿಯನ್ನು ಬಲ್ಲವನಾಗಿರಬೇಕೆಂದು ಊಹಿಸಿದರು. ಸಮೀಪದ ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳಲ್ಲಿಯೂ ಇದೇ ಶಾಸನವಿರುವುದು ಇದಕ್ಕೆ ಬಲವನ್ನು ನೀಡಿತು. ವಿಚಿತ್ರವಾದುದೆಲ್ಲ ಸುಳ್ಳಲ್ಲ, ವಿಚಿತ್ರಕ್ಕೆ ಕಾರಣವನ್ನು ಕೇಳಬೇಕು.

‘ನಗೆಯ ಚಿತ್ರಕ್ಕೆ ಇಷ್ಟು ಶ್ರಮವೇಕೆ?’ ಎಂದು ಯಾರಾದರೂ ಕೇಳಬಹುದು. ಚಳ್ಳಕೆರೆಯು ಶೇಂಗಾ ಮತ್ತು ಎಣ್ಣೆಯ ವ್ಯಾಪಾರಕ್ಕೆ ಪ್ರಸಿದ್ಧವಾದ ಊರು. ಸುಗ್ಗಿಯ ಒಂದು ಮುಂಜಾನೆ, ಅಲ್ಲಿಯ ಮಾರುಕಟ್ಟೆಯ ಗಣಕಯಂತ್ರವೆಲ್ಲ ಕೆಟ್ಟಿದೆ ಎಂದು ತೋರಿಸುವ ನೀಲಿ ಪರದೆಯ ಚಿತ್ರವೊಂದನ್ನು ಯಾರೋ ತಮಾಷೆಗಾಗಿ ಹರಡಿದರೆಂದು ಭಾವಿಸೋಣ. ಹಳ್ಳಿಯಿಂದ ಹೊರಟ ರೈತನು ದಾರಿಯಲ್ಲಿ ಅದನ್ನು ನೋಡಿ, ಚೀಲಗಳನ್ನು ಇಳಿಸಿಕೊಂಡು ಮನೆಗೆ ಮರಳುತ್ತಾನೆ. ಇಲ್ಲವೇ ದಾರಿಯಲ್ಲಿ ಎದುರಾದ ದಲ್ಲಾಳಿಗೆ ಸಿಕ್ಕಿದ ಬೆಲೆಗೆ ಮಾರಿಬಿಡುತ್ತಾನೆ. ಗಾಡಿಯ ಬಾಡಿಗೆ ಅವನದು, ನಷ್ಟವೂ ಅವನದು. ನಗು ಮಾತ್ರ ಇನ್ನೊಬ್ಬರದು. ಇನ್ನೊಂದು ದಿನ ಯಂತ್ರವು ನಿಜವಾಗಿಯೇ ಕೆಟ್ಟಾಗ, ಮೊದಲೊಮ್ಮೆ ಮೋಸಹೋದ ಜನರು ನಿಜವಾದ ಚಿತ್ರವನ್ನೂ ನಂಬದೆ ಬಂದು ಬಿಸಿಲಿನಲ್ಲಿ ಕಾಯುತ್ತಾರೆ. ಸುಳ್ಳು ಚಿತ್ರವು ಎರಡು ಬಾರಿ ಕೆಡುಕನ್ನು ಮಾಡುತ್ತದೆ: ತನ್ನನ್ನು ನಂಬಿಸಿ ಒಮ್ಮೆ, ನಿಜವನ್ನು ನಂಬದಂತೆ ಮಾಡಿ ಮತ್ತೊಮ್ಮೆ.

ಚಿತ್ರವನ್ನು ಕಂಡು ನಗುವುದರಲ್ಲಿ ತಪ್ಪಿಲ್ಲ. ನಕ್ಕ ಮೇಲೆ, ಕಳುಹಿಸುವುದಕ್ಕೆ ಮೊದಲು, ಅಕ್ಷರವನ್ನೂ ಬೆಳಕನ್ನೂ ಸಾಕ್ಷಿಯನ್ನೂ ಮೂಲವನ್ನೂ ವಿಚಾರಿಸಬೇಕು. ಇವುಗಳಿಂದಲೂ ನಿರ್ಣಯ ದೊರೆಯದಿದ್ದರೆ ‘ತಿಳಿಯದು’ ಎಂದು ಹೇಳಿ ಸುಮ್ಮನಿರುವುದೂ ಒಂದು ನಿರ್ಣಯವೇ. ಅಂತಹ ಚಿತ್ರವು ನಮ್ಮ ಕೈಯಲ್ಲಿಯೇ ನಿಂತರೆ ಯಾರಿಗೂ ನಷ್ಟವಿಲ್ಲ.