ಮಾಜಿ ಪ್ರಧಾನಿಯ ಮಾತು ಮತ್ತು ಮೌನ

ಅಧಿಕಾರದಿಂದಿಳಿದ ರಾಷ್ಟ್ರನಾಯಕನು ತನ್ನ ಉತ್ತರಾಧಿಕಾರಿಯನ್ನು ಬಹಿರಂಗವಾಗಿ ಟೀಕಿಸುವುದು ಉಚಿತವೇ? ಅಮೆರಿಕದಲ್ಲಿ ಅಧ್ಯಕ್ಷಪದವಿಯನ್ನು ಬಿಟ್ಟವರು ಬಹುಮಟ್ಟಿಗೆ ಮೌನದಿಂದಿರುವುದೇ ಶಿಷ್ಟಾಚಾರವೆನಿಸಿತ್ತು. ನಮ್ಮ ಪದ್ಧತಿ ಬೇರೆ. ಇಲ್ಲಿ ಪ್ರಧಾನಿಯು ಸಂಸತ್ತಿಗೆ ಸೇರಿದವನು. ಪದವಿ ಹೋದರೂ ಸದಸ್ಯತ್ವ ಉಳಿಯಬಹುದು. ಸದಸ್ಯನಾದವನಿಗೆ ಪ್ರಶ್ನಿಸುವುದು ಕರ್ತವ್ಯವೇ ಆಗಿದೆ.

1996ರ ಜೂನ್ 1ರಿಂದ 1997ರ ಏಪ್ರಿಲ್ 21ರವರೆಗೆ ಪ್ರಧಾನಿಯಾಗಿದ್ದ ಎಚ್. ಡಿ. ದೇವೇಗೌಡರು 2020ರಲ್ಲಿ ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದರು. ಅದೇ ಸೆಪ್ಟೆಂಬರ್ 20ರಂದು ಕೃಷಿ ಮಸೂದೆಗಳು ಸಭೆಯ ಮುಂದೆ ಬಂದಾಗ, ಇಷ್ಟೊಂದು ಅವಸರವೇಕೆಂದು ಕೇಳಿದರು. ಹಿಂದೆ 2016ರ ನವೆಂಬರ್ 24ರಂದು ಮನಮೋಹನ ಸಿಂಗರು ಅದೇ ಸಭೆಯಲ್ಲಿ ನೋಟು ರದ್ದತಿಯ ನಿರ್ವಹಣೆಯನ್ನು ಕಟುವಾಗಿ ಖಂಡಿಸಿದ್ದರು. ಅವರು 1982ರಿಂದ 1985ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರರಾಗಿದ್ದವರು. ಇಂಥ ಅನುಭವಿಗಳು ಬಾಯಿ ಮುಚ್ಚಿದರೆ ನಷ್ಟ ರಾಷ್ಟ್ರದ್ದು.

ಆದರೆ ಇದಕ್ಕೊಂದು ಎಲ್ಲೆಯುಂಟು. ಸಂವಿಧಾನದ ಮೂರನೆಯ ಅನುಸೂಚಿಯಂತೆ ಮಂತ್ರಿಯು ಗೋಪ್ಯತೆಯ ಪ್ರಮಾಣವನ್ನು ಸ್ವೀಕರಿಸಿರುತ್ತಾನೆ. ನಿವೃತ್ತನಾದ ಬ್ಯಾಂಕ್ ನೌಕರನು ಬ್ಯಾಂಕಿನ ನೀತಿಯನ್ನು ವಿಮರ್ಶಿಸಬಹುದು, ಗ್ರಾಹಕನ ಲೆಕ್ಕವನ್ನು ಬೀದಿಯಲ್ಲಿ ಬಿಚ್ಚಿಡಲಾಗದು. ಮಾಜಿ ಪ್ರಧಾನಿಗೂ ಇದೇ ನ್ಯಾಯ.

ಇನ್ನು ಕೇಳುವವರ ಹೊಣೆ. ದೇವೇಗೌಡರ ಪಕ್ಷವು 2023ರಲ್ಲಿ ಆಡಳಿತಾರೂಢ ಕೂಟವನ್ನೇ ಸೇರಿತು. ಅಷ್ಟರಿಂದ 2020ರ ಪ್ರಶ್ನೆ ಸುಳ್ಳಾಗಲಿಲ್ಲ, ಆ ಕಾನೂನುಗಳು 2021ರಲ್ಲಿ ರದ್ದಾದವು. ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ನೆಲೆಸಿದ ನಾವು ನಮ್ಮವರೆಂಬ ಅಭಿಮಾನದಿಂದಲೂ ಪಕ್ಷದ್ವೇಷದಿಂದಲೂ ದೂರವಿದ್ದು, ಆಡಿದವರು ಕೊಟ್ಟ ಕಾರಣವನ್ನೇ ತೂಗಿ ನೋಡತಕ್ಕದ್ದು.