ಒಳರಸ್ತೆಗಳ ವೇಗ ನಿಯಂತ್ರಣ ಮತ್ತು ವರ್ತಕರ ಹಿತ

ವಸತಿ ಬಡಾವಣೆಗಳ ಒಳರಸ್ತೆಗಳಲ್ಲಿ ವಾಹನಗಳ ವೇಗ ತಗ್ಗಿಸಬೇಕೆಂದು ನಿವಾಸಿಗಳು ಒತ್ತಾಯಿಸಿದಾಗ ಮೊದಲು ಆತಂಕಗೊಳ್ಳುವವರು ಆ ರಸ್ತೆಯ ಅಂಗಡಿಕಾರರು. ಸರಕಿನ ವಾಹನ ಬಾರದೆ ಹೋದೀತು, ಗಿರಾಕಿ ಬೇರೆ ದಾರಿ ಹಿಡಿದಾನು ಎಂಬುದು ಅವರ ಅಂಜಿಕೆ. ಅದನ್ನು ನಿರಾಧಾರವೆಂದು ತಳ್ಳಿಹಾಕುವಂತಿಲ್ಲ. ಆದರೂ ಈ ವಿಷಯದಲ್ಲಿ ಹೆಸರಾದ ನೆದರ್ಲೆಂಡ್ಸ್ ದೇಶದ ಅನುಭವವನ್ನು ವರ್ತಕ ಬಂಧುಗಳು ಅರಿಯುವುದು ಉಪಯುಕ್ತ.

1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಮಡಿದರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಂದಿ ಮಕ್ಕಳು. ಅಪಘಾತದಲ್ಲಿ ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗೆನ್‌ಹಾಫ್ 1972ರಲ್ಲಿ ಬರೆದ ಲೇಖನದ ಶೀರ್ಷಿಕೆ 'ಮಕ್ಕಳ ಕೊಲೆ ನಿಲ್ಲಿಸಿ' ಎಂದಿತ್ತು. ಅದೇ ಒಂದು ಚಳವಳಿಯ ಹೆಸರಾಯಿತು. ತಂದೆತಾಯಿಗಳು ಮಕ್ಕಳೊಡನೆ ಬೀದಿಗಿಳಿದರು.

ಇದೇ ಅವಧಿಯಲ್ಲಿ ಡೆಲ್ಫ್ಟ್ ನಗರದ ಕೆಲವು ರಸ್ತೆಗಳು ಹೊಸ ರೂಪ ತಳೆದವು. ಕಾಲುದಾರಿ, ವಾಹನದಾರಿ ಎಂಬ ಭೇದವನ್ನು ಅಳಿಸಿ, ಗಿಡದ ತೊಟ್ಟಿ, ಮರ, ಆಸನಗಳನ್ನು ಅಲ್ಲಲ್ಲಿ ಇರಿಸಿ, ನೇರ ರಸ್ತೆಯನ್ನು ಅಂಕುಡೊಂಕಾಗಿ ಮಾಡಲಾಯಿತು. ಚಾಲಕನಿಗೆ ವೇಗವಾಗಿ ಹೋಗಲು ಎಡೆಯೇ ಇರಲಿಲ್ಲ. ಇಂತಹ ರಸ್ತೆಗೆ 'ವೂನೆರ್ಫ್', ಅಂದರೆ ವಾಸದ ಅಂಗಳ, ಎಂದು ಹೆಸರು. 1976ರಲ್ಲಿ ಇದಕ್ಕೆ ಕಾನೂನಿನ ಮಾನ್ಯತೆ ದೊರೆಯಿತು. ನಡಿಗೆಯ ವೇಗದಲ್ಲಿ ಸಾಗುವುದು, ಗುರುತು ಮಾಡಿದ ಕಡೆ ಮಾತ್ರ ವಾಹನ ನಿಲ್ಲಿಸುವುದು ಅಲ್ಲಿನ ನಿಯಮವಾಗಿತ್ತು. ಸರಕಿನ ವಾಹನಕ್ಕೆ ಬಾಗಿಲು ಮುಚ್ಚಲಿಲ್ಲ ಎಂಬುದು ಗಮನಾರ್ಹ. 1988ರಲ್ಲಿ ಈ ವ್ಯವಸ್ಥೆಯನ್ನು ಅಂಗಡಿ ಬೀದಿಗಳಿಗೂ ವಿಸ್ತರಿಸಲಾಯಿತು.

ಆದರೆ ಇಡೀ ರಸ್ತೆಯನ್ನು ಕಿತ್ತು ಕಟ್ಟುವುದು ದುಬಾರಿ. ಅದರಿಂದಲೇ 1980ರ ದಶಕದಿಂದ ಗಂಟೆಗೆ 30 ಕಿ.ಮೀ. ಮಿತಿಯ ವಲಯಗಳು ಅಲ್ಲಿ ಹೆಚ್ಚು ರೂಢಿಗೆ ಬಂದವು. 2023ರ ಡಿಸೆಂಬರಿನಲ್ಲಿ ಆಮ್‌ಸ್ಟರ್‌ಡ್ಯಾಮ್ ತನ್ನ ಬಹುಪಾಲು ರಸ್ತೆಗಳಿಗೆ ಈ ಮಿತಿಯನ್ನು ಅನ್ವಯಿಸಿತು.

ಇನ್ನು ಲೆಕ್ಕದ ಮಾತು. 300 ಮೀಟರ್ ಉದ್ದದ ಒಳರಸ್ತೆಯನ್ನು ಗಂಟೆಗೆ 40 ಕಿ.ಮೀ. ವೇಗದಲ್ಲಿ ದಾಟಲು 27 ಸೆಕೆಂಡು ಬೇಕು, 20 ಕಿ.ಮೀ. ವೇಗದಲ್ಲಿ 54. ನಷ್ಟದ ಬಾಬು ಇಷ್ಟೇ. ಡಿಕ್ಕಿಯ ಶಕ್ತಿಯಾದರೋ ವೇಗದ ವರ್ಗಕ್ಕೆ ಅನುಗುಣವಾದುದರಿಂದ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಇಷ್ಟು ಕಡಿಮೆ ಖರ್ಚಿಗೆ ಇಷ್ಟು ಲಾಭ ತರುವ ಬಾಬು ನಮ್ಮ ವೃತ್ತಿಯಲ್ಲಿ ಅಪರೂಪ!

ನಮ್ಮ ಊರುಗಳಲ್ಲಿ ನಿವಾಸಿಗಳ ಯತ್ನ ಸಾಮಾನ್ಯವಾಗಿ ರಸ್ತೆ ಉಬ್ಬಿನ ರೂಪ ತಾಳುತ್ತದೆ. ಅಪಘಾತವಾದ ಮರುದಿನವೇ ಅನುಮತಿಯಿಲ್ಲದೆ ಕಲ್ಲು, ಜಲ್ಲಿ, ಸಿಮೆಂಟು ಸುರಿದು ಗೋಡೆಯಂತಹ ಹಂಪ್ ನಿರ್ಮಿಸುವುದುಂಟು. ಗಾಜು, ಹೆಂಚು, ಪಿಂಗಾಣಿ ಸಾಗಿಸುವ ವ್ಯಾಪಾರಿಗೆ ಇದರ ಬೆಲೆ ಏನೆಂದು ಒಡಕಿನ ಖಾತೆಯನ್ನು ನೋಡಿದವರಿಗೆ ಗೊತ್ತು. ಇರುಳಿನಲ್ಲಿ ಬರುವ ದ್ವಿಚಕ್ರ ಸವಾರನಿಗಂತೂ ಅದು ಪ್ರಾಣಾಂತಿಕ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರ ತನ್ನ 99ನೇ ಮಾರ್ಗಸೂಚಿಯಲ್ಲಿಯೇ ಉಬ್ಬಿನ ಅಳತೆಯನ್ನು ತಿಳಿಸಿತ್ತು: ವಾಹನ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ. ಗಂಟೆಗೆ 25 ಕಿ.ಮೀ. ವೇಗದಲ್ಲಿ ಸಾಗುವ ವಾಹನ ಇದನ್ನು ಕುಲುಕಾಟವಿಲ್ಲದೆ ದಾಟಬಲ್ಲದು. ಬಳಿದ ಪಟ್ಟಿ, ಮುನ್ಸೂಚನೆಯ ಫಲಕ ಕೂಡ ಅಗತ್ಯ. 2018ರಲ್ಲಿ ಈ ಮಾರ್ಗಸೂಚಿ ಪರಿಷ್ಕೃತವಾಗಿದೆ.

ಆದುದರಿಂದ ವರ್ತಕರು ನಿವಾಸಿಗಳ ಮನವಿಯನ್ನು ವಿರೋಧಿಸುವ ಬದಲು ಆರಂಭದಲ್ಲಿಯೇ ಅದರಲ್ಲಿ ಭಾಗಿಗಳಾಗುವುದು ಲೇಸು. ಮೋಟಾರು ವಾಹನಗಳ ಕಾಯ್ದೆಯ 115ನೇ ಕಲಮಿನಂತೆ ನಿರ್ದಿಷ್ಟ ರಸ್ತೆಯಲ್ಲಿ ನಿರ್ದಿಷ್ಟ ಬಗೆಯ ವಾಹನಗಳನ್ನು ಸಾರ್ವಜನಿಕ ಸುರಕ್ಷತೆಗಾಗಿ ನಿರ್ಬಂಧಿಸುವ ಅಧಿಕಾರ ರಾಜ್ಯ ಸರ್ಕಾರಕ್ಕೂ ಅದು ಅಧಿಕೃತಗೊಳಿಸಿದ ಪ್ರಾಧಿಕಾರಕ್ಕೂ ಉಂಟು. ನಿರ್ಬಂಧದ ಆದೇಶ ಹೊರಬಿದ್ದ ಮೇಲೆ ಸರಕು ಇಳಿಸುವ ವೇಳೆಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವುದಕ್ಕಿಂತ, ಶಾಲೆ ಆರಂಭವಾಗುವ ಮುನ್ನ ಎರಡು ಗಂಟೆ, ಮಧ್ಯಾಹ್ನ ಎರಡು ಗಂಟೆ ಎಂದು ಮೊದಲ ಮನವಿಯಲ್ಲಿಯೇ ಬರೆಯಿಸಿ, ಉಬ್ಬಿನ ಅಳತೆಯನ್ನೂ ನಮೂದಿಸಿ, ಅಂಗಡಿಕಾರರೂ ನಿವಾಸಿಗಳೂ ಒಂದೇ ಹಾಳೆಯಲ್ಲಿ ಸಹಿ ಹಾಕತಕ್ಕದ್ದು.