ಬೂದಿಯ ಸುತ್ತ 300 ಕಿಲೊಮೀಟರ್

ಬಳ್ಳಾರಿಯಿಂದ ಹೊಸಪೇಟೆಯ ದಾರಿ ಹಿಡಿದರೆ ಸುಮಾರು ಇಪ್ಪತ್ತು ಕಿಲೊಮೀಟರಿಗೆ ಕುಡತಿನಿ ಸಿಗುತ್ತದೆ. ಈ ಊರಿಗೆ ಎರಡು ಬಗೆಯ ಬೂದಿಯ ನಂಟು. ಒಂದು ನವಶಿಲಾಯುಗದ್ದು. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಈ ಸೀಮೆಯಲ್ಲಿ ದನ ಸಾಕಿಕೊಂಡಿದ್ದ ಜನ ರಾಶಿಬಿದ್ದ ಸಗಣಿಗೆ ಮತ್ತೆ ಮತ್ತೆ ಬೆಂಕಿಯಿಟ್ಟು ಬೂದಿದಿಬ್ಬಗಳನ್ನು ಉಳಿಸಿಹೋದರು. ಬಳ್ಳಾರಿ ಸುತ್ತಿನ ಇಂಥ ದಿಬ್ಬಗಳನ್ನು ರಾಕ್ಷಸರನ್ನು ಸುಟ್ಟ ಜಾಗವೆಂದು ಜನ ಹೇಳಿಕೊಂಡು ಬಂದಿದ್ದರು. 19ನೇ ಶತಮಾನದಲ್ಲಿ ಸೇನಾಧಿಕಾರಿ ನ್ಯೂಬೋಲ್ಡ್, ಆಮೇಲೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇವುಗಳ ಬಗ್ಗೆ ಬರೆದರು. ಇದು ದನಗಾಹಿಗಳ ದೊಡ್ಡಿಯ ಬೂದಿ ಎಂಬ ವಾದವನ್ನು 1963ರಲ್ಲಿ ಪುರಾತತ್ವಜ್ಞ ಆಲ್ಚಿನ್ ತಮ್ಮ ಪುಸ್ತಕದಲ್ಲಿ ಗಟ್ಟಿಮಾಡಿದರು.

ಇನ್ನೊಂದು ಬೂದಿ ಈಗಿನದು. ಕರ್ನಾಟಕ ವಿದ್ಯುತ್ ನಿಗಮದ ಬಳ್ಳಾರಿ ಶಾಖೋತ್ಪನ್ನ ಕೇಂದ್ರ ಇರುವುದು ಕುಡತಿನಿಯಲ್ಲೇ. 500 ಮೆಗಾವಾಟ್‌ನ ಎರಡು, 700 ಮೆಗಾವಾಟ್‌ನ ಒಂದು, ಹೀಗೆ ಮೂರು ಘಟಕಗಳು; ಒಟ್ಟು ಸಾಮರ್ಥ್ಯ 1700 ಮೆಗಾವಾಟ್. ಭಾರತದ ಕಲ್ಲಿದ್ದಲಿನಲ್ಲಿ ಸಾಮಾನ್ಯವಾಗಿ ಶೇ. 30ರಿಂದ 45ರಷ್ಟು ಬೂದಿಯ ಅಂಶ ಇರುತ್ತದೆ. ಒಂದು ಟನ್ ಉರಿಸಿದರೆ ಮೂರರಿಂದ ನಾಲ್ಕೂವರೆ ಕ್ವಿಂಟಲ್ ಉಳಿಯುತ್ತದೆ ಎಂದು ಲೆಕ್ಕ. ವಿದ್ಯುತ್ತು ತಂತಿಯಲ್ಲಿ ಬೆಂಗಳೂರಿಗೆ ಹೋಗುತ್ತದೆ, ಬೂದಿ ಊರಲ್ಲೇ ಉಳಿಯುತ್ತದೆ. ಅದನ್ನೂ ಹೊರಗೆ ಕಳಿಸುವುದು ಹೇಗೆ? ಕಟ್ಟಡ ಕಟ್ಟುವವರ ಪರವಾನಗಿಗಳ ಕಥೆ ಕುಡತಿನಿಯ ಮಟ್ಟಿಗೆ ಈ ಪ್ರಶ್ನೆಯಿಂದಲೇ ಶುರುವಾಗುತ್ತದೆ.

ಮೊದಲು ಬೂದಿಯ ಗುಣ ನೋಡೋಣ. ಕಲ್ಲಿದ್ದಲನ್ನು ಹಿಟ್ಟಿನಂತೆ ನುಣ್ಣಗೆ ಅರೆದು ಬಾಯ್ಲರಿನೊಳಗೆ ಊದುತ್ತಾರೆ. ಇಂಗಾಲ ಉರಿದುಹೋಗುತ್ತದೆ. ಕಲ್ಲಿದ್ದಲಿನಲ್ಲಿ ಬೆರೆತಿದ್ದ ಜೇಡಿಯ ಅಂಶ ಆ ಕಾವಿಗೆ ಕರಗಿ ಹನಿಯಾಗುತ್ತದೆ. ಹೊಗೆಯ ಜೊತೆ ಸಾಗುತ್ತಾ ತಟ್ಟನೆ ತಣಿದು ಗಾಜಿನ ಸಣ್ಣ ಗುಂಡುಗಳಾಗುತ್ತದೆ. ಚಿಮಣಿಗೆ ಮುಂಚೆ ಸ್ಥಿರವಿದ್ಯುತ್ತಿನ ತಗಡುಗಳು ಈ ಗುಂಡುಗಳನ್ನು ಸೆಳೆದು ಹಿಡಿಯುತ್ತವೆ. ಇದೇ ಹಾರುಬೂದಿ. ನಿಧಾನವಾಗಿ ತಣಿದಿದ್ದರೆ ಅದರ ಸಿಲಿಕಾ ಹರಳುಗಟ್ಟಿ ಮರಳಿನಂತೆ ಜಡವಾಗಿ ಕೂರುತ್ತಿತ್ತು. ಬೇಗ ತಣಿದದ್ದರಿಂದ ಅಣುಗಳಿಗೆ ಸಾಲುಗೂಡಲು ಸಮಯ ಸಿಕ್ಕಿಲ್ಲ, ಆದ್ದರಿಂದಲೇ ಸುಣ್ಣ ಸಿಕ್ಕರೆ ಅದು ಕೂಡಿಕೊಳ್ಳುತ್ತದೆ.

ಆ ಸುಣ್ಣ ಸಿಮೆಂಟಿನಲ್ಲೇ ಇದೆ. ಸಿಮೆಂಟಿಗೆ ನೀರು ಬೆರೆತಾಗ ಎರಡು ವಸ್ತು ಹುಟ್ಟುತ್ತವೆ. ಒಂದು, ಕಾಂಕ್ರೀಟಿಗೆ ಬಲ ಕೊಡುವ ಕ್ಯಾಲ್ಸಿಯಂ ಸಿಲಿಕೇಟಿನ ಅಂಟು. ಇನ್ನೊಂದು, ಬಲಕ್ಕೆ ಹೆಚ್ಚೇನೂ ನೆರವಾಗದ ಅರಳಿದ ಸುಣ್ಣ, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಹಾರುಬೂದಿ ಈ ಎರಡನೆಯದನ್ನು ಹಿಡಿದು ಮೊದಲನೆಯದಾಗಿ ಮಾರ್ಪಡಿಸುತ್ತದೆ. ರೋಮನ್ನರು ಜ್ವಾಲಾಮುಖಿಯ ಬೂದಿಯಿಂದ ಮಾಡಿದ್ದೂ ಇದನ್ನೇ. ಪಿಪಿಸಿ ಎಂದು ಅಂಗಡಿಯಲ್ಲಿ ಸಿಗುವ ಸಿಮೆಂಟಿನಲ್ಲಿ ಶೇ. 15ರಿಂದ 35ರಷ್ಟು ಹಾರುಬೂದಿ ಇರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಇದರಲ್ಲಿ ಇನ್ನೊಂದು ಲಾಭವೂ ಇದೆ. 100 ಕಿಲೊ ಶುದ್ಧ ಸುಣ್ಣದ ಕಲ್ಲು ಸುಟ್ಟರೆ 56 ಕಿಲೊ ಸುಣ್ಣ ಉಳಿದು 44 ಕಿಲೊ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಬೂದಿ ಎಷ್ಟು ಬೆರೆತರೆ ಅಷ್ಟು ಸುಣ್ಣದ ಕಲ್ಲು ಸುಡುವುದು ತಪ್ಪುತ್ತದೆ.

ಇಷ್ಟು ಗುಣವಿದ್ದರೂ ಬೂದಿ ತಾನಾಗಿ ಮಾರಾಟವಾಗಲಿಲ್ಲ. ಅದಕ್ಕೆ ಕಾನೂನು ಬರಬೇಕಾಯಿತು. ಕೇಂದ್ರ ಪರಿಸರ ಸಚಿವಾಲಯ 1999ರ ಅಧಿಸೂಚನೆಯಲ್ಲಿ ಶಾಖೋತ್ಪನ್ನ ಕೇಂದ್ರದ ಸುತ್ತ 50 ಕಿಲೊಮೀಟರಿನ ಗೆರೆ ಎಳೆಯಿತು. 2003ರಲ್ಲಿ ಅದು 100 ಆಯಿತು, 2016ರಲ್ಲಿ 300. ಈಗ ಜಾರಿಯಲ್ಲಿರುವುದು 2021ರ ಡಿಸೆಂಬರ್ 31ರ ಅಧಿಸೂಚನೆ. ವಿದ್ಯುತ್ ಕೇಂದ್ರ ತನ್ನ ಬೂದಿಯನ್ನೆಲ್ಲ ಬಳಕೆಗೆ ಕೊಡಬೇಕು, ಉಳಿಸಿಕೊಂಡರೆ ಟನ್ನಿಗೆ 1,000 ರೂಪಾಯಿಯ ಪರಿಸರ ಪರಿಹಾರ ಕಟ್ಟಬೇಕು. 300 ಕಿಲೊಮೀಟರಿನ ಒಳಗೆ ರಸ್ತೆ, ಕಟ್ಟಡ ಕಟ್ಟುವವರು, ಬೂದಿಯ ಉತ್ಪನ್ನದ ಬೆಲೆ ಬದಲಿ ವಸ್ತುವಿನ ಬೆಲೆಯನ್ನು ಮೀರದಿದ್ದಲ್ಲಿ, ಅದನ್ನೇ ಬಳಸಬೇಕು. ಕುಡತಿನಿಯನ್ನು ನಡುವೆ ಇಟ್ಟು ಈ ಗೆರೆ ಎಳೆದರೆ ಬೆಂಗಳೂರು, ಹುಬ್ಬಳ್ಳಿ, ಕಲಬುರಗಿ ಮೂರೂ ಒಳಗೇ ಬೀಳುತ್ತವೆ.

ಈ ನಿಯಮದ ಇನ್ನೊಂದು ಗುರಿ ಹೊಲದ ಮೇಲ್ಮಣ್ಣು. 19×9×9 ಸೆಂಟಿಮೀಟರಿನ ಒಂದು ಲಕ್ಷ ಇಟ್ಟಿಗೆಯ ಒಟ್ಟು ಗಾತ್ರ ಸುಮಾರು 154 ಘನ ಮೀಟರ್. ಒಂದಡಿಯಷ್ಟು ಆಳಕ್ಕೆ ಮಣ್ಣು ತೆಗೆದರೆ ಅದಕ್ಕೆ ಐದು ಗುಂಟೆ ಹೊಲ ಬೇಕು. ಒಣಗಿ ಸುಡುವಾಗ ಮಣ್ಣು ಕುಗ್ಗುವುದರಿಂದ ಇನ್ನೂ ಹೆಚ್ಚು. ಹಾರುಬೂದಿ ಇಟ್ಟಿಗೆಗೆ ಹೊಲವೂ ಬೇಡ, ಭಟ್ಟಿಯೂ ಬೇಡ. ಬೂದಿ, ಕಲ್ಲುಪುಡಿ, ಸುಣ್ಣ ಅಥವಾ ಸಿಮೆಂಟನ್ನು ಯಂತ್ರದಲ್ಲಿ ಒತ್ತಿ, ನೀರು ಉಣಿಸಿದರೆ ಆಯಿತು.

ಇನ್ನು ಕಟ್ಟಡದ ವ್ಯವಹಾರಕ್ಕೆ ಬೇಕಾದ ಬೇರೆ ಪರವಾನಗಿಗಳನ್ನು ಇದರ ಪಕ್ಕ ಇಟ್ಟು ನೋಡಬಹುದು. ಕಡತಗಳು ಹಲವು, ಆದರೆ ಕಾನೂನು ಬಳಸುವ ಅಳತೆಗೋಲು ಮುಖ್ಯವಾಗಿ ಮೂರೇ: ಗಾತ್ರ, ಕೆಲಸದ ಬಗೆ, ದೂರ.

ಗಾತ್ರದಿಂದ ಅಳೆಯುವುದು ಪರಿಸರ ಅನುಮತಿ. 2006ರ ಸೆಪ್ಟೆಂಬರ್ 14ರ ಅಧಿಸೂಚನೆಯಂತೆ 20,000 ಚದರ ಮೀಟರ್ ಅಥವಾ ಅದಕ್ಕಿಂತ ಹೆಚ್ಚು ನಿರ್ಮಿತ ಪ್ರದೇಶವಿದ್ದರೆ ಕೆಲಸಕ್ಕೆ ಮುಂಚೆಯೇ ಅನುಮತಿ ಪಡೆಯಬೇಕು. ನಮ್ಮ ಲೆಕ್ಕದಲ್ಲಿ ಅದು ಸುಮಾರು 2,150 ಚದರ. 1,50,000 ಚದರ ಮೀಟರ್ ದಾಟಿದರೆ ಬಡಾವಣೆ, ಟೌನ್‌ಶಿಪ್‌ಗಳ ಗುಂಪಿಗೆ ಸೇರಿ ಪರಿಶೀಲನೆ ಬಿಗಿಯಾಗುತ್ತದೆ. ಅರ್ಜಿ ನೋಡುವುದು ರಾಜ್ಯ ಮಟ್ಟದ ಪರಿಸರ ಆಘಾತ ಅಂದಾಜು ಪ್ರಾಧಿಕಾರ. ನೀರು ಎಲ್ಲಿಂದ, ಕೊಳಚೆ ಎಲ್ಲಿಗೆ, ಅಗೆದ ಮಣ್ಣು ಏನಾಗುತ್ತದೆ, ಮಳೆನೀರು ಇಂಗುತ್ತದೆಯೇ ಎಂದು ಅದು ಕೇಳುತ್ತದೆ. ಮುಂಚೆಯೇ ಕೇಳುವುದಕ್ಕೆ ಕಾರಣವಿದೆ. ಅಡಿಪಾಯ ಎದ್ದ ಮೇಲೆ ನೀರು ಹರಿಯುವ ದಾರಿಯನ್ನು ಬದಲಿಸುವುದು ಬಲು ಕಷ್ಟ.

ಎರಡನೆಯದು ಕೆಲಸದ ಬಗೆ. 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆಗಳಡಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಎರಡು ಹಂತದಲ್ಲಿ ಸಮ್ಮತಿ ಕೊಡುತ್ತದೆ: ಸ್ಥಾಪನೆಗೆ ಒಂದು, ನಡೆಸುವುದಕ್ಕೆ ಒಂದು. ಎಲ್ಲರ ಬಾಯಲ್ಲಿ ಇದು 'ಪೊಲ್ಯೂಷನ್ ಬೋರ್ಡ್ ಎನ್‌ಒಸಿ'. 2016ರ ವಿಂಗಡಣೆಯಲ್ಲಿ ಉದ್ಯಮಗಳಿಗೆ ಕೆಂಪು, ಕಿತ್ತಳೆ, ಹಸಿರು, ಬಿಳಿ ಬಣ್ಣ ಕೊಟ್ಟರು. ಜಲ್ಲಿ ಕ್ರಷರ್, ಡಾಂಬರಿನ ಹಾಟ್ ಮಿಕ್ಸ್ ಘಟಕ, ಮಣ್ಣಿನ ಇಟ್ಟಿಗೆ ಭಟ್ಟಿ ಕಿತ್ತಳೆಗೆ ಸೇರಿದವು. ಸುಣ್ಣ ಬೆರೆಸಿ ಮಾಡುವ ಹಾರುಬೂದಿ ಇಟ್ಟಿಗೆಯನ್ನು ಭಟ್ಟಿಗಳ ಗುಂಪಿನಿಂದ ಬೇರೆಯಿಟ್ಟರು. ಸುಡುವುದಿಲ್ಲ ಎಂಬ ಒಂದೇ ವ್ಯತ್ಯಾಸ ಕಡತದ ತೂಕವನ್ನು ಇಳಿಸುತ್ತದೆ. ಜನರೇಟರಿಗೂ ಒಂದು ಸೂತ್ರವಿದೆ: ಅದರ ಕೆವಿಎ ಸಾಮರ್ಥ್ಯದ ವರ್ಗಮೂಲವನ್ನು 0.2ರಿಂದ ಗುಣಿಸಿದರೆ ಬರುವಷ್ಟು ಮೀಟರ್, ಹೊಗೆಕೊಳವೆ ಕಟ್ಟಡಕ್ಕಿಂತ ಎತ್ತರ ಇರಬೇಕು. 100 ಕೆವಿಎ ಜನರೇಟರಿಗೆ ಎರಡು ಮೀಟರ್. ಕಟ್ಟಡದ ಮರೆಯಲ್ಲಿ ಸುಳಿಯುವ ಗಾಳಿಗೆ ಹೊಗೆ ಸಿಕ್ಕಿಬೀಳದಿರಲಿ ಎಂಬುದು ಅದರ ತರ್ಕ.

ಮೂರನೆಯದು ದೂರ. ಬೂದಿಯ ಗೆರೆ ಇದೇ ಜಾತಿಯದು. ಸ್ಮಾರಕಗಳ ಕಾನೂನೂ ಹಾಗೆಯೇ: ಬಳ್ಳಾರಿ ಕೋಟೆಯಂಥ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅಲ್ಲಿಂದ ಮುಂದೆ ಮತ್ತೆ 200 ಮೀಟರ್ ನಿಯಂತ್ರಿತ ವಲಯ. ನಿಯಂತ್ರಿತ ವಲಯದಲ್ಲಿ ಸಣ್ಣ ಮನೆಗೂ ಅನುಮತಿ ಬೇಕು.

ಗಾತ್ರದ ಅಳತೆಗೋಲಿಗೆ ಒಂದು ಕುರುಡು ಇದೆ. 20,000 ಚದರ ಮೀಟರಿನ ಒಂದು ಸಮುಚ್ಚಯಕ್ಕೆ ಪರಿಸರ ಅನುಮತಿ ಬೇಕು. ಒಂದೇ ಬೀದಿಯಲ್ಲಿ ತಲಾ 1,000 ಚದರ ಮೀಟರಿನ ಇಪ್ಪತ್ತು ಕಟ್ಟಡ ಎದ್ದರೆ ಯಾವುದಕ್ಕೂ ಬೇಡ. ಎರಡೂ ಕಡೆ ಅಗೆಯುವ ಮಣ್ಣು, ಎತ್ತುವ ನೀರು ಹೆಚ್ಚುಕಡಿಮೆ ಅಷ್ಟೇ. ಕುಡತಿನಿ, ಕುರುಗೋಡು, ಸಿರುಗುಪ್ಪದಂಥ ಊರುಗಳು ಬೆಳೆಯುವುದು ಈ ಎರಡನೆಯ ರೀತಿಯಲ್ಲಿ, ಒಬ್ಬ ಮೇಸ್ತ್ರಿ, ಮೂರ್ನಾಲ್ಕು ಗಾರೆ ಕೆಲಸದವರು, ಒಂದು ಮಿಕ್ಸರ್ ಸೇರಿ. ಕಡತ ಇಲ್ಲದ ಮಾತ್ರಕ್ಕೆ ಧೂಳು ಕಡಿಮೆಯಾಗುವುದಿಲ್ಲ. ಹತ್ತು ಮೈಕ್ರಾನಿಗಿಂತ ದೊಡ್ಡ ಕಣಗಳನ್ನು ಮೂಗು, ಗಂಟಲು ಬಹುಮಟ್ಟಿಗೆ ತಡೆಯುತ್ತವೆ. ಎರಡೂವರೆ ಮೈಕ್ರಾನಿಗಿಂತ ಸಣ್ಣವು ಶ್ವಾಸಕೋಶದ ಗೂಡುಗಳ ತನಕ ಇಳಿಯುತ್ತವೆ. ಕಲ್ಲು ಕತ್ತರಿಸುವಾಗ, ಗೋಡೆ ಉಜ್ಜುವಾಗ ಏಳುವ ಧೂಳಿನಲ್ಲಿ ಎರಡೂ ಇರುತ್ತವೆ. ಕಟ್ಟಡದ ಸಾಮಗ್ರಿ ಮುಚ್ಚಿ ಸಾಗಿಸಬೇಕು, ತೆರೆದ ಜಾಗದಲ್ಲಿ ಕಲ್ಲು ಅರೆಯಬಾರದು, ಕಟ್ಟಡದ ಎತ್ತರದ ಮೂರನೇ ಒಂದು ಭಾಗದಷ್ಟು, ಹೆಚ್ಚೆಂದರೆ 10 ಮೀಟರಿನ ಗಾಳಿತಡೆ ಹಾಕಬೇಕು ಎಂದು 2018ರಲ್ಲಿ ನಿಯಮ ಬಂದದ್ದು ಇದಕ್ಕೇ.

ದೂರದ ಅಳತೆಗೋಲಿನ ಹೆಚ್ಚುಗಾರಿಕೆ ಇಲ್ಲಿ ಕಾಣುತ್ತದೆ. ಅದು ಸಣ್ಣವರು, ದೊಡ್ಡವರು ಎಂದು ಎಣಿಸುವುದಿಲ್ಲ. ಆದರೆ ಸಣ್ಣ ಗುತ್ತಿಗೆದಾರನ ಬಳಿಗೆ ಅದು ಅರ್ಜಿಯ ರೂಪದಲ್ಲಿ ಬರುವುದಿಲ್ಲ, ವಸ್ತುವಿನ ರೂಪದಲ್ಲಿ ಬರುತ್ತದೆ: ಸಿಮೆಂಟ್ ಚೀಲವಾಗಿ, ಇಟ್ಟಿಗೆಯ ಲೋಡಾಗಿ. ಹೀಗಾಗಿ ಅವನಿಗೆ ಬೇಕಾದದ್ದು ವಕೀಲನ ಜ್ಞಾನಕ್ಕಿಂತ ವಸ್ತುವಿನ ಜ್ಞಾನ. ಹಾರುಬೂದಿ ಸುಣ್ಣದ ಜೊತೆ ಕೂಡುವುದು ನಿಧಾನ, ಅಷ್ಟೂ ಕಾಲ ತೇವ ಇರಲೇಬೇಕು. ಬಿಸಿಲಿನ ಒಣ ಹವೆಯಲ್ಲಿ ಇಂಥ ಸಿಮೆಂಟಿನ ಕಾಂಕ್ರೀಟಿಗೆ 14 ದಿನ ನೀರುಣಿಸುವುದು ಲೇಸೆಂದು ಕಾಂಕ್ರೀಟಿನ ಭಾರತೀಯ ಮಾನಕ ಸಲಹೆ ಮಾಡುತ್ತದೆ. ಬೇಸಿಗೆ, ಕಡುಬೇಸಿಗೆ ಎಂದು ಎರಡೇ ಕಾಲ ಎಂದು ತಮಾಷೆ ಮಾಡಿಕೊಳ್ಳುವ ಬಳ್ಳಾರಿಯಲ್ಲಿ ಐದು ದಿನಕ್ಕೇ ಪೈಪು ಸುತ್ತಿಟ್ಟರೆ ಬಿರುಕು ಬಿಡುತ್ತದೆ, ದೂರು ಬೂದಿಯ ಮೇಲೆ ಬರುತ್ತದೆ. ಇಟ್ಟಿಗೆಗೂ ಸುಲಭದ ಪರೀಕ್ಷೆ ಇದೆ: ಒಣಗಿಸಿ ತೂಗಿ, ಒಂದು ದಿನ ನೀರಿನಲ್ಲಿ ನೆನೆಸಿ ಮತ್ತೆ ತೂಗಬೇಕು. ಸಾಮಾನ್ಯ ದರ್ಜೆಯ ಇಟ್ಟಿಗೆ ತನ್ನ ತೂಕದ ಶೇ. 20ಕ್ಕಿಂತ ಹೆಚ್ಚು ನೀರು ಕುಡಿದಿರಬಾರದು.

ಗೃಹ, ಐಜಿಬಿಸಿ ಮುಂತಾದ ಹಸಿರು ಕಟ್ಟಡ ಪ್ರಮಾಣಪತ್ರಗಳು ಈ ಸಾಲಿನಲ್ಲಿ ಕೊನೆಗೆ ಬರುತ್ತವೆ. ಅವು ಸಾಮಾನ್ಯವಾಗಿ ಕಡ್ಡಾಯವಲ್ಲ. ನೀರು, ವಿದ್ಯುತ್ತು ಉಳಿಸಿದ್ದಕ್ಕೆ, ಇಂಥ ವಸ್ತು ಬಳಸಿದ್ದಕ್ಕೆ ಅಂಕ ಕೊಡುತ್ತವೆ.

ಪರವಾನಗಿಯ ಕಾಗದಕ್ಕೂ ಸಾಗುವ ಸರಕಿಗೂ ತಾಳೆಯಾಗದಿದ್ದರೆ ಏನಾಗುತ್ತದೆಂದು ಬಳ್ಳಾರಿ ಜಿಲ್ಲೆಗೆ ಹೊರಗಿನವರು ಹೇಳಿಕೊಡಬೇಕಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಿಸಿತು. ಗುತ್ತಿಗೆ ಪ್ರದೇಶಗಳ ಗಡಿಯನ್ನು ಹೊಸದಾಗಿ ಅಳೆದು, ಗಣಿ ಗಣಿಗೂ ಪುನಶ್ಚೇತನ ಯೋಜನೆ ಬರೆದ ಮೇಲೆಯೇ ಮತ್ತೆ ಶುರುಮಾಡಲು ಬಿಟ್ಟದ್ದು. ಕಾಗದಗಳು ಆಗಲೂ ಇದ್ದವು. ಕಾಗದದ ಅಂಕಿಯನ್ನು ನೆಲಕ್ಕೆ ಇಟ್ಟು ನೋಡುವವರು ಇರಲಿಲ್ಲ.

ಕಟ್ಟಡಕ್ಕೂ ಅದೇ ಮಾತು. ದೊಡ್ಡ ಯೋಜನೆಗಳನ್ನು ಅಳೆಯಲು ಪ್ರಾಧಿಕಾರ, ಮಂಡಳಿಗಳಿವೆ. ಸಣ್ಣ ಕೆಲಸದಲ್ಲಿ ಅಳೆಯುವವರು ಮನೆ ಕಟ್ಟಿಸುವವರು ಮತ್ತು ಮೇಸ್ತ್ರಿ, ಇಬ್ಬರೇ. ಇಟ್ಟಿಗೆಯ ಲೋಡು ಬಂದಾಗ ಎಲ್ಲಿಯ ಬೂದಿ ಎಂದು ಕೇಳುವುದು, ನಾಲ್ಕು ಇಟ್ಟಿಗೆ ತೆಗೆದು ನೀರಿಗೆ ಹಾಕಿ ತೂಗುವುದು, 14ನೇ ದಿನದ ತನಕ ನೀರು ಬಿಡುವುದು, ಮರಳಿನ ಟ್ರಾಕ್ಟರಿನ ಜೊತೆ ಪರ್ಮಿಟ್ ಇದೆಯೇ ಎಂದು ನೋಡುವುದು: ಇದಕ್ಕೆ ತಕ್ಕಡಿ, ಬಕೆಟ್ಟು, ಕ್ಯಾಲೆಂಡರ್ ಸಾಕು.